ಪಾಲಾದ ಗಂಟು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಕ್ಕವನು ನಾನು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿರಬೇಕು ಎಂದು ತಳ್ಳಿಹಾಕುತ್ತಿದ್ದೆ. ನನಗೇ ಆದ ಮೇಲೆ ನಗು ನಿಂತಿದೆ. ನೀವು ನಂಬಲೇಬೇಕೆಂಬ ಒತ್ತಾಯವೇನಿಲ್ಲ.

ಅಪ್ಪ ಲಿಂಗಸುಗೂರಿನಲ್ಲಿ ಬಡಿಗರಾಗಿದ್ದರು. ಬಾಗಿಲು ಮಾಡಿ ಉಳಿದ ಸಾಗವಾನಿಯಲ್ಲಿ ಅಣ್ಣನಿಗೂ ನನಗೂ ಆಡಲು, ಬಿಡಿಸಿ ಜೋಡಿಸುವಂಥ ಒಂದು ಮರದ ಗಂಟು ಮಾಡಿದ್ದರು. ಆರು ತುಂಡು, ಒಂದರ ಕಚ್ಚಿನಲ್ಲಿ ಇನ್ನೊಂದು, ಮೊಳೆಯಿಲ್ಲ, ಅಂಟಿಲ್ಲ. ಕಚ್ಚಿಲ್ಲದ ತುಂಡೊಂದಿತ್ತು, ಅದೇ ಕೀಲಿ. ಅದನ್ನೆಳೆದರೆ ಉಳಿದ ಐದೂ ಸಡಿಲ. ಜೋಡಿಸುವಾಗ ಅದು ಕೊನೆಗೆ. ಅದರ ತುದಿಗೆ ಅಣ್ಣ ಚಿಕ್ಕವನಿದ್ದಾಗ ಕಚ್ಚಿದ ಹಲ್ಲಿನ ಗುರುತಿತ್ತು.

ಅಪ್ಪ ಹೋದ ಮೇಲೆ ಹಿರಿಯರು ಕೂತು ಉಳಿ, ಬಾಚಿ, ಗರಗಸಗಳನ್ನೆಲ್ಲ ಪಾಲು ಮಾಡಿದರು. ಗಂಟನ್ನು ನಿಮ್ಮಲ್ಲೊಬ್ಬರು ಬಿಟ್ಟುಕೊಡಿ ಎಂದರು. ನಾವಿಬ್ಬರೂ ಬಿಡಲಿಲ್ಲ.

"ಸಾಮಾನು ಅಂದಮ್ಯಾಗ ಅದೂ ಅರ್ಧಾ ಅರ್ಧಾ ಆಗ್ಲಿ ರೀ," ಎಂದ ಅಣ್ಣ. ನಾನೂ ಹೂಂ ಎಂದೆ. ಅವನಿಗೆ ಮೂರು ತುಂಡು, ನನಗೆ ಮೂರು. ಕೀಲಿ ಅವನಿಗೆ ಹೋಯಿತು. ಯಾರ ಪಾಲಿನಿಂದಲೂ ಗಂಟು ಆಗುವಂತಿರಲಿಲ್ಲ, ಅದರ ಖಬರು ಇಬ್ಬರಿಗೂ ಇರಲಿಲ್ಲ. ಅವನು ಮಸ್ಕಿಗೆ ಹೋದ, ನಾನು ಅವ್ವನನ್ನು ಕರೆದುಕೊಂಡು ಸಿಂಧನೂರಿಗೆ ಬಂದೆ. ನಮ್ಮಿಬ್ಬರ ನಡುವಿನ ಮಾತು ಅಲ್ಲಿಗೇ ನಿಂತಿತು.

ಅವ್ವ ಹಾಸಿಗೆ ಹಿಡಿದಳು. ಎದ್ದು ಕೂರಲೂ ಆಗುತ್ತಿರಲಿಲ್ಲ. ಮಕ್ಕಳಿಬ್ಬರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವುದನ್ನು ಒಮ್ಮೆ ನೋಡಬೇಕು ಎಂಬುದೊಂದೇ ಅವಳ ಆಸೆ. ನಾನೇ ಸೋತು ಫೋನ್ ಮಾಡಿದೆ. ಒಂದು ಭಾನುವಾರ ಮಧ್ಯಾಹ್ನ ಅಣ್ಣ ಬರಿಗೈಯಲ್ಲಿ ಬಂದ. ಇಬ್ಬರೂ ಅವಳ ಎದುರು ಕೂತು ರೊಟ್ಟಿ ಮುರಿದೆವು. ಅವ್ವನ ಮುಖ ಅರಳಿತ್ತು. ಅಷ್ಟರಲ್ಲಿ ಅಣ್ಣ ಗೋಡೆಯ ಗೂಡಿನ ಕಡೆ ನೋಡಿ ಕೈ ತಡೆದ.

ಅಲ್ಲಿ ಇಡೀ ಗಂಟು ಕೂತಿತ್ತು. ಬೆಳಿಗ್ಗೆ ನಾನು ಧೂಳು ಒರೆಸಿಟ್ಟಿದ್ದು ಮೂರೇ ತುಂಡು. ಈಗ ಆರೂ ಇದ್ದವು, ಹಲ್ಲಿನ ಗುರುತಿನ ಕೀಲಿಯೂ ಸೇರಿ.

"ನನ್ನ ಟ್ರಂಕಿನ್ಯಾಗಿಂದು ಹೆಂಗ ತಗದಿ?" ಎಂದ ಅಣ್ಣ.

"ನಾ ಮಸ್ಕಿಗಿ ಬಂದ ಇಲ್ಲ."

"ಹಂಗಾರ ಅದ ನಡ್ಕೋಂತ ಬಂತೇನು?"

ಅಲ್ಲೇ ಹೆಂಡತಿಗೆ ಫೋನ್ ಹಚ್ಚಿ ಟ್ರಂಕು ತೆಗೆಸಿದ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು, ಒಳಗೆ ತುಂಡುಗಳಿರಲಿಲ್ಲ. ತನ್ನ ಪಾಲು ಒಯ್ಯುತ್ತೇನೆಂದು ಕೀಲಿ ಎಳೆದ. ಅಲ್ಲಾಡಲಿಲ್ಲ. ನಾನೂ ಎಳೆದೆ.

"ಕೂಡೈತಲ್ಲ, ಇರ್ಲಿ ಬಿಡ್ರಪಾ," ಎಂದಳು ಅವ್ವ. ಅವಳ ಮಾತು ಯಾರಿಗೆ ಬೇಕಿತ್ತು? ಅಣ್ಣ ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದ.

ಅದು ಹೇಗೆ ಕೂಡಿತೋ ಇಂದಿಗೂ ನನಗೆ ಗೊತ್ತಿಲ್ಲ. ಹೇಗೋ ಅವನೇ ತಂದಿಟ್ಟಿರಬೇಕು ಎಂದುಕೊಳ್ಳುತ್ತೇನೆ. ಬೇರೇನನ್ನೂ ಅಂದುಕೊಳ್ಳಲು ಧೈರ್ಯವಿಲ್ಲ.

ಅವ್ವ ತೀರಿದಾಗ ಅಣ್ಣ ಬಂದ. ಇಬ್ಬರೂ ಹೆಗಲು ಕೊಟ್ಟೆವು. ಮಣ್ಣು ಮಾಡಿ ಕೈ ತೊಳೆಯುವಾಗ ಅವನು ನನ್ನ ಹತ್ತಿರ ಬಂದು ನಿಂತ. ಅವ್ವನ ಬಗ್ಗೆ ಏನೋ ಹೇಳುತ್ತಾನೆಂದು ಕಾದೆ.

"ಈಗರ ಖರೇ ಹೇಳು," ಎಂದ, "ಹೆಂಗ ತಗದಿ?"