ಈ ವಯಸ್ಸಿಗೆ ಕಣ್ಣು ಯಾಕೆ ಎಂದವರು

ಜೋಳದ ರೊಟ್ಟಿ ಹೊತ್ತಿದ ವಾಸನೆ ಎಲ್ಲಿಂದ ಬಂದರೂ ನಾನು ಸನತ್‌ನಗರದ ಆ ಎರಡು ಕೋಣೆಯ ಮನೆಗೆ ಹೋಗಿ ನಿಲ್ಲುತ್ತೇನೆ. ಕಾರ್ಖಾನೆಯ ಕೆಲಸಗಾರರಿಗೆಂದು ಕಟ್ಟಿದ ಮನೆಗಳ ಸಾಲು ಅದು. ಅಪ್ಪ, ಅವ್ವ, ಕಾಕಾ, ನಾನು; ಜೊತೆಗೆ ಅಪ್ಪನ ನೌಕರಿಯ ಬೆನ್ನು ಹತ್ತಿ ಲಿಂಗಸೂಗೂರಿನಿಂದ ಬಂದಿದ್ದ ಅಪ್ಪನ ತಾಯಿ, ನನ್ನ ಆಯಿ. ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಪಕ್ಕದ ತೆಲುಗು ಮನೆಯ ಹೆಂಗಸು ತಟ್ಟೆ ಹಿಡಿದುಕೊಂಡೇ ಬರುತ್ತಿದ್ದಳು. ಅಂಥ ಆಯಿ ದಿನಾ ರೊಟ್ಟಿ ಹೊತ್ತಿಸತೊಡಗಿದಾಗ ಮನೆಯವರು ಮಾಡಿದ್ದು ಒಂದೇ ಕೆಲಸ. ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸಿದರು. ವಯಸ್ಸಾಯಿತು ಎಂದರು. ನಿಮ್ಮ ಮನೆಯಲ್ಲೂ ಯಾರನ್ನೋ ಹೀಗೆ ಎಬ್ಬಿಸಿರಬಹುದು. ಆಗ ನೀವು ಏನು ಮಾಡುತ್ತಿದ್ದಿರಿ, ನೆನಪಿದೆಯೇ?

ನನಗೆ ಆಗ ಹನ್ನೊಂದು ವರ್ಷ. ನಮ್ಮ ಓಣಿಯ ಶಾಲೆಯಲ್ಲಿ ಕಣ್ಣಿನ ಉಚಿತ ತಪಾಸಣೆ ನಡೆಯಿತು. ಆಯಿಗೆ ತೆಲುಗು ಬಾರದು, ಹಾಗಾಗಿ ಅವಳ ಪರವಾಗಿ ಮಾತಾಡಲು ನಾನು ಹೋದೆ. ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿದರೆ ಕಾಣುತ್ತದೆ, ತಡವಾದರೆ ಕಣ್ಣೊಳಗೆ ಒತ್ತಡ ಏರಿ ದೃಷ್ಟಿಯೇ ಹೋಗಬಹುದು ಎಂದರು. ಅದೂ ಉಚಿತ. ಮನೆಯ ದೊಡ್ಡವರೊಬ್ಬರು ಜೊತೆಗೆ ಬಂದರೆ ಸಾಕಿತ್ತು. ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಆಯಿ, "ಮತ್ತ ರೊಟ್ಟಿ ಮಾಡಾಕ ಬರ್ತೈತೇನ, ಕೇಳವ್ವ" ಎಂದಳು. ಬರುತ್ತದೆ ಎಂದು ಡಾಕ್ಟರಮ್ಮ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಆ ಚೀಟಿ ಮನೆಯಲ್ಲಿ ಕೈಯಿಂದ ಕೈಗೆ ತಿರುಗಿತು. ಪುಕ್ಕಟೆ ಆಪರೇಷನ್‌ಗೆ ತಾಯಿಯನ್ನು ಕಳಿಸಿದರೆ ಊರವರು ಆಡಿಕೊಳ್ಳುತ್ತಾರೆ ಎಂದ ಕಾಕಾ. ಬೇಸಿಗೆಯಲ್ಲಿ ಗಾಯ ಮಾಯುವುದಿಲ್ಲ ಎಂದರು, ಮಳೆಗಾಲದಲ್ಲಿ ಕೀವಾಗುತ್ತದೆ ಎಂದರು. ಅಷ್ಟರಲ್ಲಿ ಕಾಕಾನ ಮದುವೆ ಗೊತ್ತಾಯಿತು. ಬೀಗರ ಮುಂದೆ ತಾಯಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತರೆ ಚೆನ್ನಾಗಿರುವುದಿಲ್ಲ ಎಂದರು. ತಾನೇ ಕರೆದುಕೊಂಡು ಹೋಗುತ್ತೇನೆಂದು ಅವ್ವ ಬಾಯಿಬಿಟ್ಟಾಗ, ಮನೆಯ ಅಡುಗೆ ಯಾರು ಮಾಡಬೇಕೆಂದು ಅಪ್ಪ ಕೇಳಿದ. ಆಮೇಲೆ ಆಯಿಯ ಕಡೆ ತಿರುಗಿ ಪ್ರೀತಿಯಿಂದಲೇ ಹೇಳಿದ: "ಈ ವಯಸ್ಸಿನಾಗ ನೀ ಇನ್ನ ಏನ್ ನೋಡಬೇಕಾಗೈತಿ ಅವ್ವಾ? ನಾವೆಲ್ಲ ಅದೀವಲ್ಲ."

"ಬ್ಯಾಡ ಬಿಡಪಾ. ನನಗ್ಯಾಕ" ಎಂದಳು ಆಯಿ.

ಆ ಮಾತನ್ನು ಎಲ್ಲರೂ ಗಟ್ಟಿಯಾಗಿ ಹಿಡಿದುಕೊಂಡರು. ಅವಳೇ ಒಲ್ಲೆ ಅಂದಳು ಎಂದು ಇಂದಿಗೂ ಹೇಳುವವರಿದ್ದಾರೆ. ಒಲ್ಲೆ ಎಂದವಳು ವಾರದೊಳಗೆ ಒಂದು ಮಧ್ಯಾಹ್ನ, ಅವ್ವ ನೀರಿಗೆ ಹೋದಾಗ, ಟ್ರಂಕಿನಲ್ಲಿದ್ದ ಇಳಕಲ್ ಸೀರೆ ಉಟ್ಟು, ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಹತ್ತಿರ ಬಂದಳು. "ನೀನ ಕರ್ಕೊಂಡ್ ನಡಿ. ಬಸ್ಸಿನ ನಂಬರ ನಿನಗ ಓದಾಕ ಬರ್ತೈತಿ" ಎಂದಳು. ಬಸ್ ಸ್ಟಾಪಿನವರೆಗೂ ಹೋದೆವು. ಪಾಳಿ ಮುಗಿಸಿ ಬರುತ್ತಿದ್ದ ಕಾಕಾ ಎದುರಾದ. ಗುಡಿಗೆ ಹೊರಟೀವಿ ಎಂದಳು ಆಯಿ. ಅವನು ನನ್ನ ಮುಖ ನೋಡಿದ. ನಾನು ಹೆದರಿ ನಿಜ ಹೇಳಿಬಿಟ್ಟೆ. ಅವನು ಬೈಯಲಿಲ್ಲ. ತಪ್ಪಿಸಿಕೊಂಡ ಮಗುವನ್ನು ತರುವಂತೆ, ಓಣಿಯವರೆಲ್ಲ ನೋಡುತ್ತಿರುವಾಗ, ಅವಳ ಕೈಹಿಡಿದು ಮನೆಗೆ ತಂದು ಕೂರಿಸಿದ. ಆಯಿ ಮತ್ತೆಂದೂ ಕಣ್ಣಿನ ಮಾತು ಎತ್ತಲಿಲ್ಲ.

ಮದುವೆಯಾದ ಮೇಲೆ ಒಂದು ದಿನ ಅವಳ ಬಲಗಣ್ಣು ಕೆಂಪಗೆ ಉಬ್ಬಿತು. ತಲೆನೋವೆಂದು ಎರಡು ದಿನ ವಾಂತಿ ಮಾಡಿಕೊಂಡಳು. ಹಣೆಗೆ ಲವಂಗ ಅರೆದು ಹಚ್ಚಿದರು. ಮೂರನೆಯ ದಿನ ಆಸ್ಪತ್ರೆಗೆ ಒಯ್ದಾಗ ಆ ಕಣ್ಣಿನ ದೃಷ್ಟಿ ಹೋಗಿತ್ತು. ಎಡಗಣ್ಣಿಗಾದರೂ ಕೂಡಲೇ ಆಪರೇಷನ್ ಮಾಡಿಸಿ ಎಂದು ಅಲ್ಲಿಯ ಡಾಕ್ಟರು ಗದರಿದರು. ಮನೆಯವರು ಈಗ ಆಪರೇಷನ್ ಎಂದರೇ ಹೆದರುತ್ತಿದ್ದರು. ಆ ಹೆದರಿಕೆಯಲ್ಲೇ ದಿನ ದೂಡಿ ಅದನ್ನೂ ಕಳೆದರು.

ಹೋದ ವರ್ಷ ಅಪ್ಪನಿಗೆ ಪೊರೆ ಬಂತು. ಈಗ ಅವನು ತಾರ್ನಾಕದಲ್ಲಿ ನಮ್ಮ ಜೊತೆ ಇದ್ದಾನೆ. ಬೆಳಿಗ್ಗೆ ಆಸ್ಪತ್ರೆಗೆ ಹೋದೆವು, ಊಟದ ಹೊತ್ತಿಗೆ ಆಟೋದಲ್ಲಿ ಮನೆಗೆ ಬಂದೆವು. ಮರುದಿನ ಪಟ್ಟಿ ಬಿಚ್ಚಿದಾಗ ಕಿಟಕಿಯಾಚೆ ಬಹಳ ಹೊತ್ತು ನೋಡಿದ. ಎದುರುಮನೆಯ ಗೇಟು, ಅದರ ಬಣ್ಣ, ತಂತಿಯ ಮೇಲಿನ ಬಟ್ಟೆ.

"ಆಪರೇಷನ್ ಅಂದ್ರ ಇಷ್ಟ ಏನು?" ಎಂದ.

"ಹೌದಪ್ಪಾ, ಇಷ್ಟ" ಎಂದೆ.

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಭುಜ ಅಲುಗುತ್ತಿತ್ತು. ನಾನು ಸಮಾಧಾನ ಮಾಡಲಿಲ್ಲ. ಮಾಡಬೇಕಿತ್ತು ಎಂದು ಈಗಲೂ ಅನ್ನಿಸುವುದಿಲ್ಲ. ಬಸ್ ಸ್ಟಾಪಿನಲ್ಲಿ ಬಾಯಿಬಿಟ್ಟ ಆ ಹುಡುಗಿಯನ್ನೂ ನಾನು ಸಮಾಧಾನ ಮಾಡಿಲ್ಲ.

ಕುರುಡಿಯಾಗಿ ಆಯಿ ಆರು ವರ್ಷ ಬದುಕಿದಳು. ಅಷ್ಟರಲ್ಲಿ ನಾನು ಅವಳಿಗಿಂತ ಎತ್ತರಕ್ಕೆ ಬೆಳೆದೆ. ನನ್ನ ಹೆಜ್ಜೆ ಕೇಳಿದೊಡನೆ ಅವಳು ಕೈ ಚಾಚುತ್ತಿದ್ದಳು. ಆ ಕೈ ಮಾತ್ರ ಹನ್ನೊಂದು ವರ್ಷದ ಹುಡುಗಿಯ ತಲೆಯನ್ನು ಕೆಳಗೇ ಹುಡುಕುತ್ತಿತ್ತು. ನಾನು ಬಗ್ಗಿ, ಅದಕ್ಕೆ ಸಿಗುವಂತೆ ನಿಲ್ಲುತ್ತಿದ್ದೆ.