ಕಾಣೆ ಐತೆ

“ಕಾಣೆ ಐತೆ ರೀ, ಕಾಣೆ!”

ಭಾನುವಾರ ಬೆಳಿಗ್ಗೆ ಚನ್ನಗಿರಿಯ ನಮ್ಮ ಬೀದಿಯಲ್ಲಿ ಮೀನಿನ ಗಾಡಿಯವನು ಹೀಗೆ ಕೂಗಿಕೊಂಡು ಬಂದ. ಕಾಣದ್ದನ್ನು ಐತೆ ಅಂತ ಕೂಗಿ ಮಾರುವವನನ್ನು ನೀವೆಲ್ಲಾದರೂ ನೋಡಿದ್ದೀರಾ? ಕರಾವಳಿಯವರಿಗೆ ಕಾಣೆ ಎಂದರೆ ಗೇಣುದ್ದದ ರುಚಿಯಾದ ಮೀನು. ನಮ್ಮ ಬಯಲುಸೀಮೆಯವರಿಗೆ ‘ನಾನು ನೋಡಿಲ್ಲಪ್ಪ’ ಎಂದಷ್ಟೇ ಅರ್ಥ. ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಅದೇ ಪದಕ್ಕೆ ನನ್ನ ಕೆಲಸ ಹೋಗುವ ಹಾಗಿತ್ತು.

ನನ್ನ ಕೆಲಸ ಏನೆಂದು ಹೇಳಿದರೆ ನೀವೂ ನಗುತ್ತೀರಿ. ಸಮುದ್ರದ ಜೀವಿಗಳ ಬಗ್ಗೆ ಯಾರೋ ಕಲೆಹಾಕಿದ ಅಂಕಿಗಳಿಗೆ ಮೆಟಾಡೇಟಾ ಬರೆಯುವುದು, ಅಂದರೆ ಅಂಕಿಗಳ ಪೂರ್ವಾಪರ ಬರೆಯುವುದು. ಎಲ್ಲಿ ಹಿಡಿದದ್ದು, ಯಾವ ಹೊತ್ತಿನಲ್ಲಿ, ಎಂಥ ಬಲೆಯಲ್ಲಿ, ಹೆಸರು ಗುರುತಿಸಿದವರು ಯಾರು, ಸೊನ್ನೆ ಅಂತ ಬರೆದಿದ್ದರೆ ಆ ಸೊನ್ನೆಗೆ ಅರ್ಥವೇನು. ಇದಿಲ್ಲದ ಅಂಕಿ ವಿಳಾಸವಿಲ್ಲದ ಕಾಗದದ ಹಾಗೆ, ಯಾರ ಮನೆಗೆ ಬೇಕಾದರೂ ಹೋಗುತ್ತದೆ. ಜಗಳೂರಿನಲ್ಲಿ ಹುಟ್ಟಿ, ಕಾಲೇಜಿನ ಪ್ರವಾಸದಲ್ಲಿ ಮೊದಲ ಸಲ ಸಮುದ್ರ ಕಂಡು, ದೋಣಿ ಹತ್ತಿದ ಕೂಡಲೇ ವಾಂತಿ ಮಾಡಿಕೊಂಡವಳು ನಾನು. ನನಗೆ ಈ ಕೆಲಸ ಹೇಗೆ ಸಿಕ್ಕಿತೋ ಆ ದೇವರೇ ಬಲ್ಲ.

ಈಗ ನನ್ನ ಕೈಲಿರುವುದು ಕರಾವಳಿಯ ಒಂದು ಅಳಿವೆಯ ಅಂಕಿಗಳು. ನದಿ ಸಮುದ್ರ ಸೇರುವ ಆ ಜಾಗದಲ್ಲಿ ಮೀನುಗಾರರು ಹಾಳೆಯಲ್ಲಿ ‘ಬಲೆಯಲ್ಲಿ ಕಂಡದ್ದು’ ಎಂಬ ಸಾಲಿನೆದುರು ‘ಕಾಣೆ’ ಎಂದು ಬರೆದುಕೊಟ್ಟಿದ್ದರು. ಅದನ್ನು ಕಂಪ್ಯೂಟರಿಗೆ ಏರಿಸಿದವಳು ಹೊನ್ನಾಳಿ ಕಡೆಯ ವಿದ್ಯಾರ್ಥಿನಿ. ಪಾಪ, ಏನೂ ಕಾಣಲಿಲ್ಲ ಎಂದುಕೊಂಡು ಸಾಲಾಗಿ ಸೊನ್ನೆ ಹಾಕಿದ್ದಾಳೆ. ಒಂದೆರಡು ಕಡೆ ‘ಕಾಣೆ, ಅರ್ಧ ಬುಟ್ಟಿ’ ಎಂದಿತ್ತು. ಕಾಣದ್ದು ಅರ್ಧ ಬುಟ್ಟಿ ಹೇಗಾಯಿತು ಎಂದು ಅವಳಿಗೂ ಅನುಮಾನ ಬಂದು ಪ್ರಶ್ನೆಚಿಹ್ನೆ ಹಾಕಿದ್ದಳು. ಮೇಲಿನವರು ಅದನ್ನೂ ಅಳಿಸಿದರು. ಈಗ ಆ ಸೊನ್ನೆಗಳನ್ನು ಹಿಡಿದುಕೊಂಡೇ, ಈ ಅಳಿವೆಯಲ್ಲಿ ಮೀನಿಲ್ಲ, ದೋಣಿ ನಿಲ್ಲಿಸುವ ಧಕ್ಕೆ ಕಟ್ಟಿದರೆ ಯಾರಿಗೂ ನಷ್ಟವಿಲ್ಲ ಎಂಬ ವರದಿ ತಯಾರಾಗುತ್ತಿದೆ. ಅಲ್ಲಿ ಬಲೆ ಬೀಸುವವರ ಅನ್ನಕ್ಕೆ ನಮ್ಮ ಸೊನ್ನೆ ಕಲ್ಲು ಹಾಕುತ್ತದೆ.

ಹಳೆಯ ಹಾಳೆಗಳನ್ನು ನೋಡಿ, ನಡೆದದ್ದನ್ನು ವಿವರಣೆಯಲ್ಲಿ ಬರೆದೆ. ಭಾನುವಾರ ಎಂದೂ ನೋಡದೆ ಬೆಳಿಗ್ಗೆಯೇ ನಮ್ಮ ಅಂಕಿಗಳ ಯೋಜನೆಯ ಸಾಹೇಬರು ಫೋನು ಮಾಡಿದರು.

“ಆ ಪ್ಯಾರಾ ತೆಗೆದುಬಿಡಿ ಮೇಡಂ. ಮೆಟಾಡೇಟಾ ಯಾರು ಓದ್ತಾರೆ? ಸಂಜೆಯೊಳಗೆ ಸರಿಮಾಡಿ ಕಳಿಸಿ, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ. ಜಗಳೂರಿನವರು ಅಂತ ಜಗಳಕ್ಕೇ ನಿಲ್ಲಬೇಕಾ?”

ತೆಗೆದುಬಿಡಲೇ ಎಂದು ಒಂದು ಗಳಿಗೆ ನನಗೂ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಬೀದಿಯಲ್ಲಿ ಆ ಕೂಗು ಕೇಳಿ ನನ್ನ ಸೋದರತ್ತೆ ನೆನಪಾದಳು.

ಅತ್ತೆಯ ಜೊತೆ ಬಸ್ಸಿನಲ್ಲಿ ಹೋಗುವುದೆಂದರೆ ನಮಗೆಲ್ಲ ಮಾನ ಹೋಗುವ ಕೆಲಸ. ಪಕ್ಕ ಕೂತವರ ಜನ್ಮ ಜಾಲಾಡಿಬಿಡುತ್ತಿದ್ದಳು. “ಯಾವೂರಪ್ಪ? ಹೊಸಳ್ಳಿನಾ? ಯಾವ ಹೊಸಳ್ಳಿ? ಹೊನ್ನಾಳಿ ಕಡೇದಾ, ನ್ಯಾಮತಿ ಕಡೇದಾ?” ಒಮ್ಮೆ ಅವಳನ್ನು ಬಿಟ್ಟು ಹೆಣ್ಣು ನೋಡಲು ಹೋದ ನಮ್ಮವರು ಬೇರೆಯೇ ಹೊಸಳ್ಳಿಗೆ ಹೋಗಿ, ಯಾರದೋ ಮನೆಯಲ್ಲಿ ಉಂಡು ಬಂದರು. “ಊಟ ಚಲೋ ಇತ್ತಂತೆ, ಹುಡುಗಿ ಒಬ್ಬಳು ಇರ್ಲಿಲ್ಲ ನೋಡು” ಎಂದು ವರ್ಷವಿಡೀ ಆಡಿಕೊಂಡಳು.

ಆದರೆ ನನಗೆ ನೆನಪಾದದ್ದು ಪಂಚಾಯ್ತಿ ಕಟ್ಟೆಯ ಸಂಗತಿ. ನಮ್ಮ ಹೊಲದ ಬದುವಿನ ಮೇಲೆ ಪಕ್ಕದವರ ಗಾಡಿಗೆ ದಾರಿ ಇತ್ತೋ ಇಲ್ಲವೋ ಎಂಬ ವ್ಯಾಜ್ಯ. ಹಿರಿಯರು ಅತ್ತೆಯನ್ನು ಕರೆಸಿ, ಅಲ್ಲಿ ಗಾಡಿ ಓಡಾಡಿದ್ದು ಕಂಡಿದ್ದೀಯಾ ಎಂದು ಕೇಳಿದರು.

“ನಾ ಕಾಣೆ” ಎಂದಳು ಅತ್ತೆ.

“ದಾರಿ ಇಲ್ಲವಂತೆ, ಬರ್ಕೊಳ್ರಪ್ಪ” ಎಂದರು ಹಿರಿಯರು. ಅಪ್ಪನ ಮುಖ ಅರಳಿತು. ಅತ್ತೆ ದಡಕ್ಕನೆ ಎದ್ದಳು.

“ಏ, ತಡೀರಿ! ಕಾಣೆ ಅಂದೆ, ಇಲ್ಲ ಅಂದ್ನಾ? ನಾ ಹೊಲಕ್ಕೆ ಹೋಗಾದೇ ಹೊತ್ತೇರಿದ ಮ್ಯಾಲೆ. ನಸುಕಿನಾಗೆ ಗಾಡಿ ಹೋದ್ರೆ ನಂಗೆ ಹೆಂಗೆ ಕಾಣ್ತೈತೆ?”

“ಸುಮ್ನಿರಕ್ಕಾ, ನಮ್ಮ ಕಡೆಗೇ ಐತೆ ಮಾತು” ಎಂದು ಅಪ್ಪ ಹಲ್ಲು ಕಚ್ಚಿದ.

“ಯಾರ ಕಡೆಗಾರ ಇರ್ಲಿ. ಕಾಣೆ ಅನ್ನಾದು ನನ್ನ ಕಣ್ಣಿನ ಮಾತು, ಇಲ್ಲ ಅನ್ನಾದು ಊರಿನ ಮಾತು. ಊರಿನ ಮಾತು ನನ್ನ ಬಾಯಾಗೆ ತುರುಕಬ್ಯಾಡ್ರಿ.”

ಹಿರಿಯರು ನಸುಕಿನಲ್ಲಿ ಹೊಲಕ್ಕೆ ಹೋಗುವವರನ್ನು ಕರೆಸಿ ಕೇಳಿದರು, ಪಕ್ಕದವರಿಗೆ ದಾರಿ ಉಳಿಯಿತು. ಅಪ್ಪ ಎಷ್ಟೋ ದಿನ ಅಕ್ಕನನ್ನು ಮಾತಾಡಿಸಲಿಲ್ಲ. ಅವಳೇನು ಕೇರ್ ಮಾಡಿದಳೇ? ಹಬ್ಬಕ್ಕೆ ತಾನೇ ಬಂದು, ತಾನೇ ಮಣೆ ಹಾಕಿಕೊಂಡು, “ಹೋಳಿಗೆಗೆ ತುಪ್ಪ ಸಾಲ್ದು” ಎಂದು ಅಪ್ಪನಿಗೇ ಗದರಿ ಹಾಕಿಸಿಕೊಂಡಳು. ಅವಳು ತೀರಿಹೋಗಿ ವರ್ಷಗಳಾದವು. ಆ ಗತ್ತು ನನಗೆ ಈಗ ಬೇಕಾಗಿತ್ತು.

ಚೀಲ ಹಿಡಿದು ಗಾಡಿಯ ಹತ್ತಿರ ಹೋದೆ. “ಯಾವ ಅಳಿವೇದಪ್ಪ ಇದು? ಯಾವತ್ತು ಹಿಡಿದದ್ದು? ಎಂಥ ಬಲೆ?”

“ಅಯ್ಯ, ಏನಕ್ಕ ನೀವು? ಮೀನು ತಗೋಳಾಕೆ ಬಂದ್ರೋ, ಸಂಬಂಧ ಕೇಳಾಕೆ ಬಂದ್ರೋ?”

ಜೋರಾಗಿ ನಕ್ಕುಬಿಟ್ಟೆ. ಮೀನು ತಂದು ತೊಟ್ಟಿಯ ಪಕ್ಕ ಇಟ್ಟು, ಕೈ ತೊಳೆದು, ಕಂಪ್ಯೂಟರಿನ ಮುಂದೆ ಕೂತೆ. ಪ್ಯಾರಾ ತೆಗೆಯಲಿಲ್ಲ, ಬೆಳೆಸಿದೆ. ‘ಈ ಸೊನ್ನೆಗಳಿಗೆ ಮೀನಿಲ್ಲ ಎಂಬ ಅರ್ಥವಿಲ್ಲ. ಮೂಲ ಹಾಳೆಯಲ್ಲಿ ಕಾಣೆ ಎಂದಿದೆ, ಅದು ಮೀನಿನ ಹೆಸರೂ ಹೌದು. ಬುಟ್ಟಿಯ ಲೆಕ್ಕ ಇರುವಲ್ಲಿ ಅದು ಖಂಡಿತ ಮೀನೇ. ಉಳಿದ ಕಡೆ ಹೇಳಲಾಗದು. ಈ ಸೊನ್ನೆಗಳನ್ನು ನಂಬಿ ಅಳಿವೆಯಲ್ಲಿ ಮೀನಿಲ್ಲ ಎಂದು ಯಾರೂ ಹೇಳಬಾರದು.’ ಕೊನೆಯಲ್ಲಿ, ವಿವರಣೆಗೆ ಜವಾಬ್ದಾರರು ಯಾರು ಎಂಬಲ್ಲಿ ನನ್ನ ಹೆಸರು, ಊರು ಹಾಕಿ ಕಳಿಸಿದೆ.

ಮೀನು ಹಸನು ಮಾಡುವಷ್ಟರಲ್ಲಿ ಫೋನು ಬಂತು.

“ಏನ್ರೀ ಇದು? ಹೇಳಿದ್ದು ಅರ್ಥ ಆಗಲ್ವಾ? ಯಾವೂರಮ್ಮ ನಿಮ್ಮದು?”

“ಜಗಳೂರು, ಸರ್. ಕೊನೇಲಿ ಬರೆದಿದ್ದೀನಿ, ಓದಿ.”