ಸುತ್ತಿಗೊಂದು ಗೇಣು

ಹೊಸ ಟೈರಿನ ವಾಸನೆ ಇಷ್ಟು ವರ್ಷವಾದರೂ ಬದಲಾಗಿಲ್ಲ. ಕಳೆದ ವಾರ ನನ್ನ ಮೊಪೆಡ್ಡಿನ ಟ್ಯೂಬು ಹಾಕಿಸಲು ಬಳ್ಳಾರಿಯ ಗಾಂಧಿನಗರದ ಒಂದು ಟೈರ್ ಅಂಗಡಿಗೆ ಹೋಗಿದ್ದೆ. ಅಲ್ಲೊಬ್ಬ ಯುವಕ ತನ್ನ ಜೀಪಿಗೆ ದೊಡ್ಡ ಟೈರು ಹಾಕಿಸುತ್ತಿದ್ದ. ಗಾಡಿಯ ಜೊತೆಗೇ ಬಂದಿದ್ದ ಟೈರುಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಹೊಸವು ಅವುಗಳಿಗಿಂತ ನಾಲ್ಕು ಬೆರಳು ಎತ್ತರ ನಿಂತಿದ್ದವು. ಮೈಮೇಲಿನ ರಬ್ಬರಿನ ಸಣ್ಣ ಕೂದಲು ಇನ್ನೂ ಉದುರಿರಲಿಲ್ಲ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಹುಣಸೆ ಬೀಜ ತುಂಬಿದ ಒಂದು ಬಟ್ಟೆಯ ಚೀಲ ಕಣ್ಣ ಮುಂದೆ ಬಂತು… ಅದನ್ನು ಹಿಡಿದಿದ್ದ ಅಕ್ಕೋರು ಬಂದರು.

ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಅವರ ಹೆಸರು ನನಗೆ ಗೊತ್ತು. ಆದರೆ ಅದನ್ನು ಇಲ್ಲಿ ಬರೆಯುವ ಯೋಗ್ಯತೆ ನನಗಿಲ್ಲ.

ಆಗ ನನಗೆ ಮೂವತ್ತರ ಆಸುಪಾಸು. ಹರಾಜಿನಲ್ಲಿ ಹಿಡಿದ ಹಳೆಯ ಜೀಪೊಂದನ್ನು ಶಿಕ್ಷಣ ಇಲಾಖೆಯ ಕಚೇರಿಗೆ ತಿಂಗಳ ಬಾಡಿಗೆಗೆ ಬಿಟ್ಟು ನಾನೇ ಓಡಿಸುತ್ತಿದ್ದೆ. ಸಾಹೇಬರನ್ನು ಹಳ್ಳಿಯ ಶಾಲೆಗಳಿಗೆ ಕರೆದೊಯ್ಯುವುದು ನನ್ನ ಕೆಲಸ. ಕುರುಗೋಡಿನಿಂದ ಸಿರುಗುಪ್ಪದವರೆಗೆ ಬಹುತೇಕ ಎರೆ ಭೂಮಿ. ಮಳೆ ಬಿದ್ದರೆ ಆ ಕಪ್ಪು ಮಣ್ಣು ನಾದಿದ ಹಿಟ್ಟಿನಂತೆ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಒಮ್ಮೆ ಜೀಪು ಹೂತು, ಸಾಹೇಬರೂ ಪ್ಯಾಂಟು ಮಡಚಿ ನೂಕಬೇಕಾಯಿತು.

"ಇದು ಜೀಪೋ ಎಮ್ಮಿನೋ? ಕೆಸರು ಕಂಡ್ರ ಸಾಕು, ಮಲಗಿಬಿಡತೈತಲ್ಲೋ!" ಎಂದರು. ಜೊತೆಗೆ ನೂಕುತ್ತಿದ್ದ ಊರವರೆಲ್ಲ ನಕ್ಕರು.

ಆ ನಗು ನನ್ನನ್ನು ಚುಚ್ಚಿತು. ಅದೇ ದಿನಗಳಲ್ಲಿ ಗಣಿಯ ಕಡೆಗೆ ದೊಡ್ಡ ಟೈರಿನ ಜೀಪುಗಳು ಎದೆ ಎತ್ತಿಕೊಂಡು ಹೋಗುವುದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ಕೆಸರು ಒಂದು ನೆಪ. ಜನ ತಿರುಗಿ ನೋಡುವಂಥ ಗಾಡಿ ಬೇಕೆಂಬ ಆಸೆಯೇ ದೊಡ್ಡದಿತ್ತು.

ಬಳ್ಳಾರಿಯ ಟೈರ್ ಅಂಗಡಿಯ ಚಾಚಾನಿಗೆ ದೊಡ್ಡ ಟೈರು ಹಾಕಲು ಮನಸ್ಸಿರಲಿಲ್ಲ. ಸ್ಟೇರಿಂಗ್ ಭಾರವಾಗುತ್ತದೆ, ಬ್ರೇಕು ಹಿಡಿಯುವುದು ತಡವಾಗುತ್ತದೆ ಎಂದೆಲ್ಲ ಹೇಳಿದ. ನಾನು ಕೇಳಲಿಲ್ಲ. ಕಡೆಗೆ ಕಮಾನಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಹೆಚ್ಚು ಸೇರಿಸಿ ಗಾಡಿಯನ್ನು ಎತ್ತರಿಸಿದ. ತಿರುವಿನಲ್ಲಿ ಟೈರು ತಾಗದಂತೆ ಮಡ್ಗಾರ್ಡಿನ ಅಂಚನ್ನು ಸುತ್ತಿಗೆಯಿಂದ ಒಳಕ್ಕೆ ಮಡಚಿದ. ಟೈರು ಹಾಕುವ ಮುಂಚೆ ಹಳೆಯದಕ್ಕೂ ಹೊಸದಕ್ಕೂ ಸೀಮೆಸುಣ್ಣದ ಗುರುತು ಮಾಡಿ, ಒಂದೇ ಗೆರೆಯಿಂದ ಎರಡನ್ನೂ ಒಂದೊಂದು ಸುತ್ತು ಉರುಳಿಸಿದ.

"ಇಲ್ಲಿ ನೋಡು ತಮ್ಮಾ. ಹಳೇದು ಇಲ್ಲಿಗೆ ಬಂತು, ಹೊಸಾದು ಅಲ್ಲಿಗೆ ಹೋತು. ಎಷ್ಟ್ ಫರಕ್ ಬಿತ್ತು, ಕೈ ಇಟ್ಟು ನೋಡು."

ಕೈ ಇಟ್ಟೆ. ಸರಿಯಾಗಿ ಒಂದು ಗೇಣು.

"ಮೀಟರ್ ಸುತ್ತು ಎಣಸ್ತೈತಿ, ನೆಲಾ ಅಳಿಯೂದಿಲ್ಲ. ಸುತ್ತಿಗೊಂದು ಗೇಣು ನುಂಗತೈತಿ ಇನ್ಮ್ಯಾಲ. ನೆಪ್ಪಿಟ್ಕೋ."

"ಮೀಟರ್ ಯಾವಾಂವ ನೋಡ್ತಾನ ಬಿಡು ಚಾಚಾ" ಎಂದು ನಕ್ಕೆ.

ಬಾಡಿಗೆಯ ಕರಾರಿನಲ್ಲಿ ಗಾಡಿಯಲ್ಲಿ ಏನನ್ನೂ ಬದಲಿಸಬಾರದೆಂದು ಬರೆದಿತ್ತು. ಟೈರು ಸವೆದಿದ್ದವು, ಹೊಸವನ್ನು ಹಾಕಿಸಿದೆ ಎಂದಷ್ಟೇ ಸಾಹೇಬರಿಗೆ ಹೇಳಿದೆ. ಕೆಸರಿನಲ್ಲಿ ಗಾಡಿ ನಿಲ್ಲದೆ ಹೋದದ್ದಕ್ಕೆ ಅವರು ಖುಷಿಯಾದರು, ಹೆಚ್ಚು ಕೇಳಲಿಲ್ಲ.

ಅಕ್ಕೋರು ಕಲಿಸುತ್ತಿದ್ದದ್ದು ದೊಡ್ಡ ರಸ್ತೆಯಿಂದ ಒಳಗಿದ್ದ ಒಂದು ಹಳ್ಳಿಯಲ್ಲಿ. ಅವರು ತೆಕ್ಕಲಕೋಟೆಯವರು. ಆ ಹಳ್ಳಿಯಲ್ಲೇ ಒಂದು ಕೋಣೆ ಹಿಡಿದು ಇದ್ದರು. ಶಾಲೆ ಏಳನೆಯ ತರಗತಿಗೆ ಮುಗಿಯುತ್ತಿತ್ತು. ಹೈಸ್ಕೂಲು ಇದ್ದದ್ದು ಹಳ್ಳ ದಾಟಿ, ಬಂಡಿದಾರಿ ಹಿಡಿದು ಹೋಗುವ ಇನ್ನೊಂದು ಊರಿನಲ್ಲಿ. ಗಂಡುಹುಡುಗರು ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಹುಡುಗಿಯರು ಏಳನೆಯದಕ್ಕೇ ಬಿಟ್ಟು ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದರು. ಈ ಊರಿಗೇ ಹೈಸ್ಕೂಲು ಕೊಡಿ ಎಂದು ಅಕ್ಕೋರು ಕಚೇರಿಗೆ ಬರೆದೂ ಬರೆದೂ ಕಡೆಗೆ ಕಡತ ಮೇಲೆದ್ದಿತ್ತು. ಒಂದೇ ನಿಯಮ ಉಳಿದಿತ್ತು. ಹತ್ತಿರದ ಹೈಸ್ಕೂಲು ಐದು ಕಿಲೋಮೀಟರಿಗಿಂತ ದೂರ ಇರಬೇಕು.

ಬಂಡಿದಾರಿಗೆ ಮೈಲಿಗಲ್ಲು ಇರುವುದಿಲ್ಲ. ಜೀಪಿನ ಮೀಟರಿನಲ್ಲೇ ಅಳೆಯೋಣ ಎಂದರು ಸಾಹೇಬರು.

ಆ ದಿನ ಅಕ್ಕೋರು ಹೈಸ್ಕೂಲಿನ ಗೇಟಿನಲ್ಲೇ ನಮಗಾಗಿ ಕಾದಿದ್ದು ಜೀಪು ಹತ್ತಿದರು. ಸಾಹೇಬರು ಮೀಟರಿನ ಅಂಕಿ ಬರೆದುಕೊಂಡರು. ಹಳ್ಳ ದಾಟಿ, ಹೊಲಗಳ ನಡುವೆ ಸಾಗಿ, ಅಕ್ಕೋರ ಶಾಲೆಯ ಮುಂದೆ ನಿಲ್ಲಿಸಿದೆ. ಮೀಟರು ನಾಲ್ಕು ಕಿಲೋಮೀಟರ್ ಏಳುನೂರು ಮೀಟರ್ ತೋರಿಸಿತು.

ಅಕ್ಕೋರ ಮುಖ ಇಳಿಯಿತು. ಸೆರಗಿನ ಮರೆಯಿಂದ ಬಟ್ಟೆಯ ಚೀಲ ತೆಗೆದರು. "ಸರ್, ನಾನು ಹೋದ ಐತವಾರ ನಡದು ಎಣಿಸೀನ್ರಿ. ನೂರು ಹೆಜ್ಜಿಗೆ ಒಂದು ಹುಣಸಿಬೀಜ. ಎಂಬತ್ತು ಬೀಜ ಆಗ್ಯಾವು. ನನ್ನ ಹೆಜ್ಜೀನೂ ಟೇಪು ಹಿಡದು ಅಳದೀನಿ. ಐದು ಕಿಲೋಮೀಟರ್ ಮ್ಯಾಲೆ ಇನ್ನೂರು ಮೀಟರ್ ಐತ್ರಿ."

ಸಾಹೇಬರು ಚೀಲ ಅಲುಗಿಸಿ ನೋಡಿದರು. "ಏನ್ರಿ ಅಕ್ಕೋರ, ಚೌಕಾಬಾರ ಆಡಾಕ ಕರಸೀರೇನು ನನ್ನ?" ಎಂದು ನಗುತ್ತಾ ಹೆಡ್‌ಮಾಸ್ತರರ ಕೋಣೆಗೆ ಚಹಾ ಕುಡಿಯಲು ಹೋದರು.

ನಾನು ಜೀಪಿನ ಹತ್ತಿರವೇ ನಿಂತಿದ್ದೆ. ಚಾಚಾ ಎಳೆದ ಗೆರೆ ನೆನಪಿಗೆ ಬಂದಿತ್ತು. ಇಲ್ಲ, ನೆನಪಾಗಲಿಲ್ಲ ಎಂದು ಸುಳ್ಳು ಹೇಳಲಾರೆ. ಮೀಟರಿನ ಅಂಕಿ ನೋಡಿದ ಗಳಿಗೆಯಲ್ಲೇ ಗೊತ್ತಾಗಿತ್ತು. ಅಷ್ಟರಲ್ಲಿ ಅಕ್ಕೋರು ಬಂದು ಮುಂದಿನ ಚಕ್ರದ ಮೇಲೆ ಕೈ ಇಟ್ಟರು.

"ಅಣ್ಣಾರ, ಈ ಟೈರು ಮೊದಲಿನಕಿಂತ ದೊಡ್ಡವು ಅದಾವಲ್ರಿ? ಚಕ್ರ ದೊಡ್ಡದಾದ್ರ ಸುತ್ತಳತಿ ಹೆಚ್ಚಾಗತೈತಿ ಅಂತ ಹುಡುಗರಿಗೆ ನಾನೇ ಕಲಸ್ತೀನಿ. ಇದರಿಂದ ಮೀಟರಿಗೆ ಏನರ ಫರಕ್ ಬೀಳತೈತೇನ್ರಿ? ನನಗ ಗಾಡಿ ವಿಷಯ ತಿಳಿಯಂಗಿಲ್ಲ, ಅದಕ್ಕ ಕೇಳಾಕತ್ತೀನಿ."

ಹೌದು ಎಂದಿದ್ದರೆ ಸಾಕಿತ್ತು. ಕಚೇರಿಯ ಬಾಡಿಗೆ ಹೋಗುತ್ತಿತ್ತು, ಊರವರ ಮುಂದೆ ಸಾಹೇಬರು ಬೈಯುತ್ತಿದ್ದರು, ಅಷ್ಟೇ. ನಾನೂ ಎಸ್ಸೆಸ್ಸೆಲ್ಸಿ ಓದಿದವನು. ನಮ್ಮ ಮನೆಯಿಂದ ಹೈಸ್ಕೂಲು ಎರಡು ಓಣಿ ಆಚೆ ಇತ್ತು.

"ಮೀಟರಿಗೂ ಟೈರಿಗೂ ಏನೂ ಸಂಬಂಧ ಇಲ್ರಿ ಅಕ್ಕೋರ" ಎಂದೆ. "ಅದು ಇಂಜಿನ್ನಿನ ಲೆಕ್ಕ."

ಅವರು ಚಕ್ರದಿಂದ ಕೈ ತೆಗೆದು, ಅಂಗೈಗೆ ಹತ್ತಿದ್ದ ಮಣ್ಣು ಒರೆಸಿಕೊಂಡರು. "ಹಂಗಾರ ನಂದ ತಪ್ಪಿರಬೇಕು ಬಿಡ್ರಿ. ನಡಕೋತ ಎಣಿಸಿದ್ದಲ್ಲ… ಎಲ್ಲೋ ಏಳೆಂಟು ಬೀಜ ಹೆಚ್ಚು ಬಿದ್ದಿರ್ತಾವ."

ಅವರು ಮತ್ತೊಮ್ಮೆ ನಡೆದು ಎಣಿಸಬಹುದಿತ್ತು. ಆದರೆ ಗಾಡಿ ಬಲ್ಲವನೇ ಹಾಗೆ ಹೇಳಿದ ಮೇಲೆ ಎಣಿಸುವುದೇನು? ಸಾಹೇಬರು ನಾಲ್ಕು ಕಿಲೋಮೀಟರ್ ಏಳುನೂರು ಎಂದು ಬರೆದರು. ಕಡತ ಮುಚ್ಚಿತು.

ಆ ವರ್ಷ ಏಳನೆಯದು ಮುಗಿಸಿದ ಹುಡುಗಿಯರನ್ನು ಅಕ್ಕೋರು ತಾವೇ ಹೈಸ್ಕೂಲಿಗೆ ನಡೆಸಿಕೊಂಡು ಹೋದರು. ನಸುಕಿನಲ್ಲಿ ಹೊರಟು ಹುಡುಗಿಯರನ್ನು ಬಿಟ್ಟು, ತಮ್ಮ ಶಾಲೆಯ ಗಂಟೆಗೆ ಓಡೋಡಿ ಬರುತ್ತಿದ್ದರು. ಒಂದೆರಡು ಸಲ ನನ್ನ ಜೀಪು ಅವರಿಗೆ ಎದುರಾಯಿತು. ದಾರಿ ಬಿಟ್ಟು ನಿಂತು ನನಗೇ ನಮಸ್ಕಾರ ಮಾಡುತ್ತಿದ್ದರು. ಮೊದಲು ಒಂಬತ್ತು ಹುಡುಗಿಯರಿದ್ದರು. ಹಳ್ಳಕ್ಕೆ ನೀರು ಬಂದ ಮೇಲೆ ನಾಲ್ವರಾದರು. ಆಮೇಲೆ ಅಕ್ಕೋರೊಬ್ಬರೇ ಉಳಿದರು…

ಮುಂದಿನ ವರ್ಷ ಮಡ್ಗಾರ್ಡಿನ ಅಂಚಿಗೆ ಉಜ್ಜಿ ಉಜ್ಜಿ ದೊಡ್ಡ ಟೈರೊಂದು ಒಡೆಯಿತು. ಮತ್ತೆ ಹಳೆಯ ಅಳತೆಯವನ್ನೇ ಹಾಕಿಸಿದೆ. ಒಂದು ಮಧ್ಯಾಹ್ನ ಒಬ್ಬನೇ ಹೈಸ್ಕೂಲಿನ ಗೇಟಿನಿಂದ ಅದೇ ಬಂಡಿದಾರಿಯಲ್ಲಿ ಹೋದೆ. ಮೀಟರು ಐದು ಕಿಲೋಮೀಟರ್ ಇನ್ನೂರು ಮೀಟರ್ ತೋರಿಸಿತು. ಒಂದು ಬೀಜವೂ ಹೆಚ್ಚು ಬಿದ್ದಿರಲಿಲ್ಲ. ಶಾಲೆಯ ಒಳಗಿನಿಂದ ಮಗ್ಗಿ ಹೇಳಿಸುವ ಅಕ್ಕೋರ ದನಿ ಕೇಳುತ್ತಿತ್ತು. ಒಳಗೆ ಹೋಗಿ ಏನೂ ಹೇಳದೆ ಗಾಡಿ ತಿರುಗಿಸಿಕೊಂಡು ಬಂದುಬಿಟ್ಟೆ. ಮೊದಲನೆಯ ಸುಳ್ಳನ್ನು ಹೆದರಿ ಹೇಳಿದ್ದೆ. ಈ ಎರಡನೆಯದಕ್ಕೆ ಹೆಸರೇ ಇಲ್ಲ.

ಅಕ್ಕೋರಿಗೆ ವರ್ಗವಾಯಿತು. ಆ ಊರಿಗೆ ಹೈಸ್ಕೂಲು ಬರಲು ಇನ್ನೂ ಬಹಳ ವರ್ಷ ಹಿಡಿಯಿತು. ನನಗೆ ವಯಸ್ಸಾಯಿತು, ಜೀಪು ಗುಜರಿಗೆ ಹೋಯಿತು, ಅವರು ನಮಸ್ಕಾರ ಮಾಡಿದ್ದು ಮಾತ್ರ ಹೋಗಲಿಲ್ಲ. ಎರಡು ವರ್ಷದ ಹಿಂದೆ ಧೈರ್ಯ ಮಾಡಿ, ವಿಳಾಸ ಕೇಳಿಕೊಂಡು ತೆಕ್ಕಲಕೋಟೆಗೆ ಹೋದೆ. ಅವರ ತಂಗಿ ಬಾಗಿಲು ತೆರೆದರು. ಅಕ್ಕೋರು ಲಿಂಗೈಕ್ಯರಾಗಿ ಏಳು ತಿಂಗಳಾಗಿತ್ತು.

ತಂಗಿ ನೀರು ಕೊಟ್ಟು ಕೂರಿಸಿದರು. "ನಮ್ಮಕ್ಕನ ಕೈಯಾಗ ಕಲಿತವರೇನ್ರಿ? ಭಾಳ ಬಿರುಸಿನ ಅಕ್ಕೋರು ಆಕಿ. ಒಂದು ಲೆಕ್ಕಾನ ನಾಕು ಸಲ ಮಾಡಸಾಕಿ. ತಾನೊಮ್ಮೆ ಎಣಿಸೂದರಾಗ ತಪ್ಪಿದ್ಲಂತ, ಅದಕ್ಕ ಒಂದು ಊರಿನ ಹುಡುಗ್ಯಾರಿಗೆ ಸಾಲಿ ತಪ್ಪಿತಂತ. ಕಡೀತನ ಅದನ್ನ ಹೇಳಿ ಹೇಳಿ ಮರುಗತಿದ್ಲು."

ನೀರಿನ ಲೋಟ ಕೆಳಗಿಟ್ಟೆ. ಎಲ್ಲವನ್ನೂ ಹೇಳಿದೆ… ಟೈರು, ಗೆರೆ, ಗೇಣು, ನಾನಾಡಿದ ಮಾತು. ತಂಗಿ ಬೈಯಲಿಲ್ಲ.

"ನನಗ್ಯಾಕ ಹೇಳ್ತೀರಿ ಇದನ್ನ?" ಎಂದರು. "ಎಣಿಸಿದಾಕಿ ನಾನೇನ್ರಿ?"

ಕಳೆದ ವಾರ ಆ ಟೈರ್ ಅಂಗಡಿಯಲ್ಲಿ ನಾನು ನಿಂತು ನೋಡುತ್ತಿದ್ದದ್ದು ಆ ಯುವಕನ ಕಣ್ಣಿಗೆ ಬಿತ್ತು. "ಏನ್ ತಾತಾ, ಹೆಂಗ ಕಾಣತೈತಿ ನಮ್ಮ ಆನಿ?"

"ಚಲೋ ಐತಪ್ಪಾ. ಮೀಟರ್ ಕಮ್ಮಿ ತೋರಸ್ತೈತಿ ಇನ್ಮ್ಯಾಲ. ಯಾರರ ಕೇಳಿದ್ರ ಖರೆ ಹೇಳು."

"ಈಗ ಮೊಬೈಲ್ ಹೇಳತೈತಿ ಬಿಡು ತಾತಾ, ಮ್ಯಾಲಿಂದ ನೋಡಿ" ಎಂದು ಅವನು ಆಕಾಶದ ಕಡೆ ಬೆರಳು ಮಾಡಿ ನಕ್ಕ.

ನನ್ನ ಟ್ಯೂಬಿನ ಕೆಲಸ ಸಂಜೆಗೆ ಆಗುತ್ತದೆ ಎಂದರು. ಮೊಪೆಡ್ಡನ್ನು ಅಲ್ಲೇ ಬಿಟ್ಟು ಮನೆಗೆ ನಡೆದೆ. ಸ್ವಲ್ಪ ದೂರ ಹೋದ ಮೇಲೆ ಗೊತ್ತಾಯಿತು, ಹೆಜ್ಜೆ ಎಣಿಸುತ್ತಿದ್ದೇನೆ. ನೂರು ಮುಟ್ಟುವ ಮೊದಲೇ ನನ್ನ ಲೆಕ್ಕ ತಪ್ಪಿತು. ಅಕ್ಕೋರಿಗೆ ತಪ್ಪಿರಲಿಲ್ಲ.